ಮೆತ್ತೆ ಹಾಕಿದ ಬಸ್ಸು

2019ರ ಜೂನ್ 4, ಮಂಗಳವಾರ, ಬೆಳಿಗ್ಗೆ 9 ಗಂಟೆ 10 ನಿಮಿಷ. ಜನ ಕಾರು ಬಿಟ್ಟು ಬಸ್ಸು ಹತ್ತುವಂತೆ ಮಾಡುವುದು ಹೇಗೆಂದು ಚರ್ಚಿಸಲು ಕೆಸ್ಲರ್ ನಗರದ ಸಾರಿಗೆ ಸಮಿತಿ ಸೇರಿತು. ಹತ್ತು ನಿಮಿಷ ತಡವಾಗಿತ್ತು. ಅಧ್ಯಕ್ಷೆ ರೊಕ್ಸಾನ್ ಪೆಟಿಟ್ ಅವರಿಗೆ ಕಾರು ನಿಲ್ಲಿಸಲು ನೆರಳಿನ ಜಾಗ ಸಿಕ್ಕಿರಲಿಲ್ಲ.

ಸಮಿತಿಗೆ ಅಂಕಿಅಂಶ ಒದಗಿಸುವುದು ನನ್ನ ಕೆಲಸ. ನಮ್ಮ ನಗರಸಭೆ ಕಟ್ಟಡಕ್ಕೆ ಬಸ್ಸಿನಲ್ಲಿ ಬರುತ್ತಿದ್ದವಳು ನಾನೊಬ್ಬಳೇ. ಮೂರ್ಛೆರೋಗವಿರುವುದರಿಂದ ನನಗೆ ಲೈಸೆನ್ಸ್ ಕೊಡುವುದಿಲ್ಲ. ನನ್ನ ಬೀದಿಗೆ ಬರುವುದು ಒಂಬತ್ತನೇ ನಂಬರಿನ ಬಸ್ಸು ಮಾತ್ರ. ಅಕ್ಟೋಬರ್ ತಿಂಗಳಲ್ಲಿ ಬಸ್ಸಿಗೆ ಸರಾಸರಿ ಹದಿನೈದು ಪ್ರಯಾಣಿಕರಾದರೂ ಸಿಗದಿದ್ದರೆ ಅದನ್ನು ನಿಲ್ಲಿಸುವುದೆಂದು ತೀರ್ಮಾನವಾಗಿತ್ತು.

“ಜನಕ್ಕೆ ಬೇಕಾಗಿರೋದು ಸುಖ ಕಣ್ರೀ,” ಎಂದರು ಸಾರಿಗೆ ನಿರ್ದೇಶಕ ಡೇಲ್ ಹ್ಯಾಗ್‌ಸ್ಟ್ರಮ್. “ಸೀಟಿಗೆಲ್ಲ ಮೆತ್ತೆ ಹಾಕ್ಸೋಣ. ಕೂತ್ರೆ ಮನೆ ಸೋಫಾ ನೆನಪಾಗ್ಬೇಕು.”

“ಗಂಟೆಗೊಂದರ ಬದ್ಲು ಎರಡು ಬಸ್ಸು ಬಿಟ್ರೆ ನಿಂತ್ಕೊಂಡೂ ಹೋಗ್ತಾರೆ, ಡೇಲ್,” ಎಂದೆ.

“ಶುರು ಮಾಡಿದ್ಲು ನೋಡಿ ನೋರೀನ್! ಅದಕ್ಕೆ ಡ್ರೈವರ್ ಎಲ್ಲಿಂದ ತರ್ಲಿ?”

“ಹಾಗಾದ್ರೆ ಕಚೇರಿಯವರ ಪುಕ್ಕಟೆ ಪಾರ್ಕಿಂಗಾದ್ರೂ ತೆಗೀರಿ.”

ಎಲ್ಲರ ಕೈಯೂ ತಂತಮ್ಮ ಕಾರಿನ ಕೀಲಿಯ ಮೇಲೆ ಹೋಯಿತು. “ಬೇರೆ ಏನಾದ್ರೂ ಇದ್ರೆ ಹೇಳಮ್ಮ,” ಎಂದರು ರೊಕ್ಸಾನ್.

ಆಗಸ್ಟಿನಲ್ಲಿ, ಮೊದಲು ಒಂಬತ್ತನೇ ನಂಬರಿಗೆ ಮಾತ್ರ, ನೀಲಿ ಮೆತ್ತೆಗಳು ಬಂದವು. ಅದೇ ವಾರ, ಹೊಸ ಡಾಂಬರು ಹಾಕಲೆಂದು ನಗರಸಭೆಯ ಪಾರ್ಕಿಂಗ್ ಜಾಗವನ್ನು ಅಗೆದರು. ಗುಮಾಸ್ತರು, ವಕೀಲರು ಎಲ್ಲರೂ ಗೊಣಗುತ್ತ ಒಂಬತ್ತನೇ ನಂಬರು ಹತ್ತಿದರು. ಒಂದು ಮಧ್ಯಾಹ್ನ ಡೇಲ್ ಕೂಡ ಹತ್ತಿದರು; ಆ ಹೊತ್ತಿಗೆ ಬಸ್ಸಿನಲ್ಲಿ ನಾವಿಬ್ಬರೇ. ಕಚೇರಿ ಬಂದರೂ ಅವರು ಏಳಲಿಲ್ಲ; ಏನು ಮಾಡುತ್ತಾರೋ ನೋಡೋಣವೆಂದು ನಾನೂ ಕೂತೆ. ಬಸ್ಸು ಮುಂದೆ ಹೋಯಿತು.

“ಏನ್ರೀ ಇದು, ನಿಲ್ಲಿಸ್ಲೇ ಇಲ್ಲ!”

“ಇಳಿಯೋರು ಗಂಟೆಯ ಹಗ್ಗ ಎಳೀಬೇಕು ಡೇಲ್,” ಎಂದೆ.

“ಯಾವ ಹಗ್ಗ?”

ಹನ್ನೆರಡು ವರ್ಷದಿಂದ ನಗರದ ಬಸ್ಸುಗಳನ್ನೆಲ್ಲ ನಡೆಸುತ್ತಿದ್ದವರು ಅವರೇ. ನಾನೇ ಎಳೆದೆ. ಹೊಳೆಯ ಹತ್ತಿರ ಇಳಿದು ಇಬ್ಬರೂ ನಡೆದು ವಾಪಸು ಬಂದೆವು.

ಸೆಪ್ಟೆಂಬರಿನ ಕೊನೆಯ ದಿನ ಸಮಿತಿ ಸೇರಿತು. ಆ ತಿಂಗಳ ಸರಾಸರಿ: ಬಸ್ಸಿಗೆ 34 ಜನ.

“ಮೆತ್ತೆ ಗೆದ್ದಿತು!” ರೊಕ್ಸಾನ್ ಎದ್ದು ಚಪ್ಪಾಳೆ ತಟ್ಟಿದರು.

“ಪಾರ್ಕಿಂಗ್ ಮುಚ್ಚಿದ್ದೂ ಅದೇ ವಾರ,” ಎಂದೆ. “ಎರಡು ಒಟ್ಟಿಗೇ ಬದಲಾದ್ರೆ ಯಾವುದರಿಂದ ಏನಾಯ್ತು ಅಂತ ಹೇಳಕ್ಕಾಗಲ್ಲ. ಮೆತ್ತೆ ತೆಗೆದು ಒಂದು ತಿಂಗಳು ನೋಡೋಣ.”

“ಥೂ, ನಿನಗೆ ಒಳ್ಳೇದು ಕಂಡ್ರೇ ಆಗಲ್ಲ,” ಎಂದರು ಡೇಲ್. “ನಿನ್ ಬಸ್ಸೇ ಉಳೀತಿದೆ, ಖುಷಿಪಡೋದು ಬಿಟ್ಟು!”

ನಗರದ ಎಲ್ಲ ಬಸ್ಸುಗಳಿಗೂ ಮೆತ್ತೆ ಹೊಲಿಸಲು ಅಂದೇ ಒಪ್ಪಿಗೆಯಾಯಿತು. ನಾನು ಕೇಳಿದ ಪರೀಕ್ಷೆಯೂ ನಡೆಯಿತು, ತಲೆಕೆಳಗಾಗಿ: ಮೆತ್ತೆಗಳು ಉಳಿದವು, ಅಕ್ಟೋಬರ್ ಒಂದರಂದು ಪಾರ್ಕಿಂಗ್ ಜಾಗ ತೆರೆಯಿತು. ಕಪ್ಪು ಡಾಂಬರು, ಹೊಸ ಬಿಳಿ ಗೆರೆಗಳು, ಮೊದಲಿನಂತೆಯೇ ಪುಕ್ಕಟೆ.

ತಿಂಗಳ ಕೊನೆಗೆ ಲೆಕ್ಕ ಹಾಕಿ ಸಮಿತಿಗೆ ಒಪ್ಪಿಸಿದೆ. ಒಂಬತ್ತನೇ ನಂಬರು, ಅಕ್ಟೋಬರ್ ತಿಂಗಳ ಸರಾಸರಿ: ಬಸ್ಸಿಗೆ 6.2 ಜನ.