ಅಕ್ಕನ ಹೆಸರಲ್ಲಿ ಹೋದ ಪತ್ರಗಳು

ಕ್ಯಾನ್ಸರ್ ಗಂಟಿಗಾಗಿ ಎಡ ಸ್ತನ ತೆಗೆದ ಆಪರೇಷನ್ ಆದ ಮೇಲೆ ದರ್ಜಿಯಕ್ಕ ಮೊದಲು ಹೊಲಿದದ್ದು ತನಗೇ ಒಂದು ಅಂಗಿ. ಎಡಗಡೆ ಒಳಗೊಂದು ಜೇಬು, ಅದರಲ್ಲಿ ಹತ್ತಿಯ ಮೆತ್ತೆ, ಮೆತ್ತೆ ಜಾರದಂತೆ ಕೆಳಗೊಂದು ಅಡ್ಡ ಹೊಲಿಗೆ. ಕಂಕುಳ ಹತ್ತಿರ ಬಟ್ಟೆಯ ಅಂಚು ಗಾಯಕ್ಕೆ ಉಜ್ಜುತ್ತಿತ್ತು; ಅದನ್ನು ಬೆನ್ನಿನ ಕಡೆಗೆ ಸರಿಸಿದಳು. ಬಿಚ್ಚಿ ಹೊಲಿದು, ಮತ್ತೆ ಬಿಚ್ಚಿ ಹೊಲಿದು, ಕೊನೆಗೆ ಅಂಗಿ ಮೈಗೆ ಕೂತಿತು. ತನ್ನಂಥವರು ಇನ್ನೂ ಎಷ್ಟು ಜನ ಇದ್ದಾರೋ ಅನ್ನಿಸಿ, ಹೊಲಿಯುವ ಬಗೆಯನ್ನು ಚಿತ್ರ ಸಮೇತ ಬ್ಲಾಗಿನಲ್ಲಿ ಬರೆಯತೊಡಗಿದಳು. ನಡುನಡುವೆ ಕನ್ನಡಿ ನೋಡಲಾಗದ ದಿನಗಳ ಬಗ್ಗೆಯೂ ಬರೆದಳು. ಓದಿದ ಹೆಂಗಸರು ಅವಳನ್ನು ಅಕ್ಕ ಎಂದೇ ಕರೆದರು.

ಬ್ಲಾಗು ಕಟ್ಟಿಕೊಟ್ಟವನು ತಂಗಿಯ ಗಂಡ. ಮಾಡಿದ ವ್ಯಾಪಾರಗಳಲ್ಲೆಲ್ಲ ಕೈ ಸುಟ್ಟುಕೊಂಡು, ಮತ್ತೆ ಹೊಸದೇನಾದರೂ ಹೇಳಿಕೊಂಡು ಬರುತ್ತಿದ್ದ ಅವನಿಗೆ ಮನೆಯವರು ಇಟ್ಟ ಹೆಸರು ಐಡಿಯಾ. ಒಂದು ದಿನ ಅವನು ಅಂಗಡಿಗೆ ಬಂದು, ಓದುಗರು ಬಂದು ಹೋಗಿಬಿಡುತ್ತಾರೆ, ಅವರನ್ನು ಹಿಡಿದಿಟ್ಟುಕೊಳ್ಳಬೇಕು ಅಂದ. ಅದಕ್ಕೊಂದು ಪ್ಲಗಿನ್ ಇದೆಯಂತೆ. ಬ್ಲಾಗಿಗೆ ಸೇರಿಸಿದರೆ, ಓದುವವರು ಪುಟದ ಅರ್ಧಕ್ಕೆ ಬಂದಾಗ ಪರದೆಯ ಮೇಲೊಂದು ಚೌಕ ಎದ್ದು ಇಮೇಲ್ ವಿಳಾಸ ಕೇಳುತ್ತದೆ. ಕೊಟ್ಟವರಿಗೆ ಅಂಗಿಯ ಅಳತೆಯ ನಕ್ಷೆ ಉಚಿತ. ಆಮೇಲೆ ಹೊಸದು ಬರೆದಾಗಲೆಲ್ಲ ಅವರಿಗೆ ಪತ್ರ ತಾನಾಗಿ ಹೋಗುತ್ತದೆ.

"ಓದ್ತಿರೋರ ಮುಖಕ್ಕೆ ಅಡ್ಡ ನಿಂತ ಹಾಗಲ್ವಾ?" ಎಂದು ಅಕ್ಕ ಕೇಳಿದಳು. ಬೇಡವಾದವರು ಚೌಕ ಮುಚ್ಚಲಿ ಅಂದ. ಚೌಕದಲ್ಲಿ ಬರೆಯುವ ಮಾತನ್ನು ಮಾತ್ರ ಅವಳಿಂದಲೇ ಕೇಳಿ ಪಡೆದ: ವಿಳಾಸ ಕೊಡಿ, ಅಕ್ಕ ಪತ್ರ ಬರೀತಾಳೆ.

ಜನ ಕೊಟ್ಟರು. ಮಳೆ ಬಿದ್ದ ಮೇಲೆ ಅಣಬೆ ಏಳುವ ಹಾಗೆ ವಿಳಾಸಗಳು ಎದ್ದವು. ಅಂತೂ ನಮ್ಮನೆಯವರ ಕೈಗೆ ಒಂದು ಕೆಲಸ ಹತ್ತಿತು ಎಂದು ತಂಗಿ ಫೋನಿನಲ್ಲಿ ಖುಷಿಪಟ್ಟಳು. ಪತ್ರ ಕಳಿಸುವ ತಾಪತ್ರಯ ತನಗಿಲ್ಲವಲ್ಲ ಎಂದು ಅಕ್ಕ ಹೊಲಿಗೆ, ಬರವಣಿಗೆ ಎರಡರಲ್ಲೇ ಮುಳುಗಿದ್ದಳು.

ಹೀಗಿರುವಾಗ ದೂರದ ಊರಿನಿಂದ ಒಬ್ಬ ಹೆಂಗಸು ಅಂಗಿ ಹೊಲಿಸಲು ಬಂದಳು. ಅಳತೆ ಕೊಟ್ಟಾದ ಮೇಲೆ ಚೀಲದಿಂದ ಸಣ್ಣ ಎಣ್ಣೆ ಬಾಟಲಿ ತೆಗೆದು, ಇದನ್ನು ಇನ್ನೂ ಎಷ್ಟು ದಿನ ಹಚ್ಚಬೇಕು ಎಂದಳು. ಯಾವ ಎಣ್ಣೆ ಎಂದು ಅಕ್ಕ ಕೇಳಿದ್ದಕ್ಕೆ ಬಂದವಳಿಗೇ ಆಶ್ಚರ್ಯವಾಯಿತು.

"ನೀವು ಬರೆದಿದ್ದೇ ಅಲ್ವಾ? ಇದು ಹಚ್ಚಿದ್ರೆ ಗಂಟು ಮತ್ತೆ ಬರಲ್ಲ ಅಂತ. ಅದಕ್ಕೇ ನಾನು ಮಾತ್ರೆ ಬಿಟ್ಟೆ."

ಅವಳು ಫೋನಿನಲ್ಲಿ ತೋರಿಸಿದ ಪತ್ರದಲ್ಲಿ ಅಕ್ಕನ ಹೆಸರಿತ್ತು, ಫೋಟೋ ಇತ್ತು. ಕನ್ನಡಿ ನೋಡಲಾಗದ ದಿನಗಳಲ್ಲಿ ಈ ಅಂಗಿ ನನ್ನ ಕೈ ಹಿಡಿಯಿತು ಎಂದು ಅಕ್ಕ ಬ್ಲಾಗಿನಲ್ಲಿ ಬರೆದಿದ್ದ ಸಾಲು ಹಾಗೇ ಇತ್ತು. ಅಂಗಿ ಎಂಬ ಪದವಿದ್ದ ಜಾಗದಲ್ಲಿ ಮಾತ್ರ ಎಣ್ಣೆ ಎಂದು ಬಂದಿತ್ತು. ಅಕ್ಕ ಅಂಗಡಿಯ ಬಾಗಿಲೆಳೆದು ಆ ಹೆಂಗಸನ್ನು ತನ್ನ ಡಾಕ್ಟರ ಬಳಿ ಕರೆದೊಯ್ದಳು. ಮಾತ್ರೆ ಇವತ್ತೇ ಶುರು ಮಾಡಿ, ಬಿಟ್ಟದ್ದರಿಂದ ಏನಾಗಿದೆಯೋ ಪರೀಕ್ಷೆ ಮಾಡದೆ ಹೇಳಲಾಗದು ಎಂದರು ಅವರು.

ಅಲ್ಲಿಂದ ಅಕ್ಕ ನೆಟ್ಟಗೆ ತಂಗಿಯ ಮನೆಗೆ ಹೋದಳು. ಐಡಿಯಾ ಅಲ್ಲಗಳೆಯಲಿಲ್ಲ. ಎಣ್ಣೆ ಮಾಡುವವರು ದುಡ್ಡು ಕೊಡುತ್ತಾರೆ, ಅವರು ಹೇಳಿದ್ದನ್ನು ನಿಮ್ಮ ಸಾಲಿಗೆ ಸ್ವಲ್ಪ ಜೋಡಿಸಿದೆ ಅಷ್ಟೇ, ಮಾತ್ರೆ ಬಿಡಿ ಅಂತ ಎಲ್ಲಿ ಬರೆದಿದ್ದೇನೆ ಅಂದ. ಹಾಗಾದರೆ ವಿಳಾಸಗಳನ್ನೆಲ್ಲ ಕೊಡಿ, ಒಬ್ಬೊಬ್ಬರಿಗೂ ನಾನೇ ನಿಜ ಬರೆಯುತ್ತೇನೆ ಎಂದಳು ಅಕ್ಕ.

"ಪ್ಲಗಿನ್ ಇರೋದು ನನ್ನ ಖಾತೇಲಿ ಅಕ್ಕ. ಬ್ಲಾಗು ನಿಮ್ಮದು, ವಿಳಾಸ ನನ್ನವು."

ಅಕ್ಕ ತಂಗಿಯ ಕಡೆ ತಿರುಗಿದಳು. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ತನ್ನ ತಲೆ ಬಾಚಿ, ಮೈ ಒರೆಸಿ, ಗಾಯಕ್ಕೆ ಪಟ್ಟಿ ಕಟ್ಟಿದವಳು ಈ ತಂಗಿಯೇ.

"ನಿನಗೆ ಅಂಗಡಿ ಇದೆ," ಅಂದಳು ತಂಗಿ. "ನಮ್ಮನೆ ಈಗ ತಾನೇ ಒಂದು ದಾರಿಗೆ ಬಂದಿದೆ. ಅದನ್ನ ಕೆಡಿಸಬೇಡ."

"ಮಾತ್ರೆ ಬಿಟ್ಟವಳು ನಾನಾಗಿದ್ರೆ?"

ತಂಗಿ ಎದ್ದು ಒಳಗೆ ಹೋದಳು.

ಅಕ್ಕ ಪ್ಲಗಿನ್ ಕಿತ್ತು ಹಾಕಿದಳು; ಹಳೆಯ ವಿಳಾಸಗಳು ಮಾತ್ರ ಅವನ ಖಾತೆಯಲ್ಲೇ ಉಳಿದವು. ಆ ಎಣ್ಣೆ ನನ್ನದಲ್ಲ, ಮಾತ್ರೆ ಬಿಡಬೇಡಿ ಎಂದು ಬ್ಲಾಗಿನ ಮೇಲ್ತುದಿಯಲ್ಲೇ ದಪ್ಪಕ್ಷರದಲ್ಲಿ ಬರೆದಳು. ಆದರೆ ಪತ್ರ ಬರುತ್ತದೆಂದು ನೆಚ್ಚಿಕೊಂಡವರು ಬ್ಲಾಗಿನ ಕಡೆ ಬರುವುದನ್ನೇ ಬಿಟ್ಟಿದ್ದರು, ಓದಿದವರು ಬೆರಳೆಣಿಕೆಯಷ್ಟು. ಪತ್ರ ರವಾನಿಸುವ ಕಂಪನಿಗೆ ಬರೆದರೆ, ಖಾತೆ ನಿಮ್ಮದಲ್ಲ ಎಂಬ ಉತ್ತರ ಬಂತು. ಕೊನೆಗೆ ಪೊಲೀಸರಿಗೆ ದೂರು ಕೊಟ್ಟಳು. ಒಡಹುಟ್ಟಿದವಳ ಗಂಡನನ್ನೇ ಬೀದಿಗೆ ಎಳೆದೆಯಲ್ಲ ಎಂದು ಅಮ್ಮ ಫೋನಿನಲ್ಲಿ ಅತ್ತು, ಆಮೇಲೆ ಮಾತು ಬಿಟ್ಟಳು. ಅವನನ್ನು ಠಾಣೆಗೆ ಕರೆಸಿದ ಮೇಲೆ ಪತ್ರಗಳೇನೋ ನಿಂತವು. ಅಷ್ಟರಲ್ಲಿ ಆ ವಿಳಾಸಗಳನ್ನು ಅವನು ಎಣ್ಣೆಯವರಿಗೇ ಮಾರಿ ಆಗಿತ್ತು.

ಅಂಗಿ ಹೊಲಿದು ಮುಗಿದಾಗ ಅದನ್ನು ಒಯ್ಯಲು ಆ ಹೆಂಗಸು ಬರಲಿಲ್ಲ, ಅವಳ ಅಣ್ಣ ಬಂದ. ಒಮ್ಮೆ ಹಾಕಿ ನೋಡಬೇಕಿತ್ತು, ಅವರು ಹೇಗಿದ್ದಾರೆ ಎಂದು ಅಕ್ಕ ಕೇಳಿದಳು. ಗಂಟು ಮತ್ತೆ ಬಂದಿದೆ, ಮಾತ್ರೆ ಬಿಟ್ಟಿದ್ದಕ್ಕೆ ಬಂತೋ ಹಾಗೇ ಬರೋದಿತ್ತೋ ಡಾಕ್ಟರಿಗೂ ಗೊತ್ತಿಲ್ಲ ಅಂದ. ಅಂಗಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಬಾಗಿಲ ಬಳಿ ತಿರುಗಿದ.

"ನೀವು ಬರೆದಿಲ್ಲ ಅಂತ ನನ್ನ ತಂಗಿ ನಂಬಿದಾಳೆ," ಅಂದ. "ನನಗೆ ನಂಬೋಕೆ ಆಗ್ತಿಲ್ಲ."

ಅವನು ಮೆಟ್ಟಿಲಿಳಿದು ಹೋದ ಮೇಲೆ ಅಕ್ಕ, ಅರ್ಧಕ್ಕೆ ಬಿಟ್ಟಿದ್ದ ಇನ್ಯಾರದೋ ಕಿಟಕಿ ಪರದೆಯನ್ನು ಹೊಲಿಗೆ ಮಿಷನ್ನಿಗೆ ಕೊಟ್ಟು ತುಳಿಯತೊಡಗಿದಳು.