ಕಾರಣ ಬರೆದುಕೊಡಿ

ಒಂದಾನೊಂದು ರಾಜ್ಯದಲ್ಲಿ ಒಂದು ಬಾಗಿಲಿತ್ತಂತೆ, ಬಾಗಿಲಿಗೊಬ್ಬಳು ಕಾವಲುಗಿತ್ತಿ, ಒಳಗೆ ಹೋಗುವವರ ಪಾದ ತಡವಿ ನೋಡುವುದೇ ಅವಳ ಉದ್ಯೋಗ, ನೋಡಿ ನೋಡಿ ಕಡೆಗೆ ಅವಳ ಕಣ್ಣಿಗೆ ಮನುಷ್ಯರ ಮುಖವೇ ಕಾಣದಂತಾಯಿತಂತೆ — ಅಜ್ಜಿ ಇಂಥದ್ದೊಂದು ಕಥೆ ಹೇಳಿದ್ದಳೋ, ಇಲ್ಲಾ ಈ ಸಾಕ್ಸಿನ ಬೆವರು ವಾಸನೆಯಲ್ಲಿ ಈಗಷ್ಟೇ ಹುಟ್ಟಿತೋ, ಪೌರನೀತಿಯ ಟೀಚರಿಗೆ ಗೊತ್ತಾಗಲಿಲ್ಲ, ಪರೀಕ್ಷೆಯ ಕೋಣೆಯ ಹೊರಗೆ ಎರಡು ಕುರ್ಚಿಗಳ ನಡುವೆ ಕಟ್ಟಿದ ಹಳೇ ಪರದೆಯ ಹಿಂದೆ ಅವಳು ಮಂಡಿಯೂರಿ ಕೂತಿದ್ದಾಳೆ, ನಲವತ್ತೊಂದು ಹುಡುಗಿಯರ ಜಡೆ, ಕಾಲರು, ಸಾಕ್ಸು ತಡವಿ ಮುಗಿದಿದೆ, ನಲವತ್ತೆರಡನೆಯವಳು ಒಂದು ಕಾಲಿನ ಶೂ, ಸಾಕ್ಸು ಕಳಚಿ ಕೈಯಲ್ಲಿ ಹಿಡಿದವಳು ಇನ್ನೊಂದಕ್ಕೆ ಬಗ್ಗದೆ ನಿಂತುಬಿಟ್ಟಿದ್ದಾಳೆ. ಒಂದು ಕಾಲಿಗೆ ಶೂ, ಒಂದು ಕಾಲು ಬರಿದು. ಮಿಸ್, ನನ್ ಮೇಲೆ ಅನುಮಾನ ಇದೆಯಾ, ಇದ್ರೆ ಕಾರಣ ಬರೆದುಕೊಡಿ. ಯಾಕಮ್ಮ, ಅದು ಸ್ಟಾಫ್ ರೂಮಿನಲ್ಲಿ ಈ ಹುಡುಗಿಗಿಟ್ಟ ಹೆಸರು, ಏನು ಹೇಳಿದರೂ ಯಾಕೆ ಅನ್ನುತ್ತಾಳೆ, ಓಡಮ್ಮಾ ಅಂದ ಆಟದ ಮೇಷ್ಟರಿಗೇ ಯಾಕೆ ಸಾರ್, ಯಾರು ಅಟ್ಟಿಸ್ಕೊಂಡು ಬರ್ತಿದಾರೆ ಅಂದವಳು, ಆಗ ಎಲ್ಲರೂ ನಕ್ಕಿದ್ದೆವು, ಈಗ ನಗು, ನಕ್ಕು ತೋರಿಸು ನೋಡೋಣ.

ಕಲಿಸಿದವಳು ಯಾರು, ತಾನೇ ತಾನೆ, ಮೂರು ವಾರದ ಹಿಂದೆ, ಮೂಲಭೂತ ಹಕ್ಕುಗಳ ಪಾಠ, ಅಜ್ಜಿಯ ಥರವೇ ದನಿ ಏರಿಸಿ ಇಳಿಸಿ, ನಿಮ್ಮ ಮೈ ನಿಮ್ಮದು, ನಿಮ್ಮ ಚೀಲ ನಿಮ್ಮದು, ಯಾರು ತಡವೋಕೆ ಬಂದ್ರೂ ಕಾರಣ ಕೇಳಿ, ಬರೆದುಕೊಡಿ ಅನ್ನಿ, ನಾನೇ ಬಂದ್ರೂ ಕೇಳಿ, ಬರೆದು ಕೊಡ್ತೀನಿ, ಇದು ನನ್ನ ಮಾತು — ಹಿಂದಿನ ಬೆಂಚು ಚಪ್ಪಾಳೆ ಹೊಡೆದಿತ್ತು, ಆ ಸಂಜೆ ಅವಳು ಮನೆಯವರೆಗೂ ನೆಲಕ್ಕಿಂತ ಗೇಣು ಮೇಲೆ ನಡೆದಿದ್ದಳು. ಮಾತು ಕೊಡೋದು ಸುಲಭ ಕಣೇ, ಹೊತ್ಕೊಂಡು ತಿರುಗೋದು ಕಷ್ಟ, ಅಜ್ಜಿ ಹೇಳುತ್ತಿದ್ದಳು, ಕೇಳಿದ್ದು ಯಾರು. ಇವತ್ತು ಬೆಳಿಗ್ಗೆ ಈ ಕೈಗಳೇ ನಲವತ್ತೊಂದು ಜಡೆ ಬಿಚ್ಚಿದವು, ಒಬ್ಬಳೂ ಕೇಳಲಿಲ್ಲವಲ್ಲ ಎಂದು ಒಳಗೊಳಗೇ ಹಗುರಾದವಳೂ ಅವಳೇ, ಥೂ.

ಅತ್ತ ಹುಡುಗರ ಕೋಣೆಯ ಬಾಗಿಲಲ್ಲಿ ಆಟದ ಮೇಷ್ಟರು ಚಹಾ ಲೋಟ ಹಿಡಿದು, ಹೋಗ್ರೋ, ಬೇಗ ಹೋಗ್ರೋ, ಅಷ್ಟೇ ತಪಾಸಣೆ. ಮೊನ್ನೆ ಕಾಪಿ ಚೀಟಿ ಸಿಕ್ಕಿದ್ದು ಒಬ್ಬ ಹುಡುಗನ ಸಾಕ್ಸಿನಲ್ಲಿ. ಹುಡುಗನ ಸಾಕ್ಸಿನಲ್ಲಿ ಸಿಕ್ಕ ಚೀಟಿಗೆ ಹುಡುಗಿಯರ ಜಡೆ ಯಾಕೆ ಬಿಚ್ಚಬೇಕು ಸಾರ್ ಎಂದು ಬೆಳಿಗ್ಗೆಯೇ ಕೇಳಿದ್ದಳು, ಹೆಡ್‌ಮಾಸ್ಟರು ಕನ್ನಡಕ ಒರೆಸುತ್ತ, ಹೆಣ್ಮಕ್ಕಳು ಹೇಳಿದ್ ಮಾತು ಕೇಳ್ತಾರೆ ಮೇಡಂ, ಬೇಗ ಮುಗಿಯುತ್ತೆ, ಮೇಲಿನವರಿಗೆ ತಪಾಸಣೆ ಮಾಡಿದ್ವಿ ಅಂತ ತೋರಿಸಿದ್ರಾಯ್ತು. ಆ ಕನ್ನಡಕ ಕಿತ್ತು ನೆಲಕ್ಕೆ ಬಡಿಯಬೇಕಿತ್ತು, ಬಡಿಯಲಿಲ್ಲ, ಆಯ್ತು ಸಾರ್ ಅಂದಳು. ಮನೆಯಲ್ಲಿ ಅಮ್ಮ, ಕೆಲಸ ಇನ್ನೂ ಕಾಯಂ ಆಗಿಲ್ಲ, ನಿನಗ್ಯಾಕೆ ಊರ ಉಸಾಬರಿ. ಈಗ ಅದೇ ಕನ್ನಡಕ ಪರದೆಯಾಚೆ ಬಂದು ನಿಂತಿದೆ, ಗಂಟೆ ಒಂಬತ್ತು ಐವತ್ತೆರಡು, ಹತ್ತಕ್ಕೆ ಬಾಗಿಲು ಹಾಕಿದರೆ ಯಾಕಮ್ಮನ ಒಂದು ವರ್ಷ ಹೋಯಿತು.

ಬರವಣಿಗೆಗಿರವಣಿಗೆ ಬೇಡ ಮೇಡಂ, ನಾಳೆ ಆ ಕಾಗದ ಯಾರ್ ಕೈಗೆ ಸೇರುತ್ತೋ, ಪಾಠ ಪಾಠದ ಜಾಗದಲ್ಲಿರಲಿ, ನೀವ್ ಕಲಿಸಿದ್ದನ್ನ ನೀವೇ ಮರೆಸಿ, ಇಲ್ಲಾ ಅವಳು ಹೊರಗಿರಲಿ, ಮುಂದಿನ ವರ್ಷ ನೀವೂ. ಹುಡುಗಿ ಯಾರನ್ನೂ ನೋಡುತ್ತಿಲ್ಲ, ಅವಳ ಬರಿಗಾಲ ಬೆರಳುಗಳು ತಣ್ಣನೆಯ ನೆಲ ತಾಳಲಾರದೆ ಮುದುಡುತ್ತವೆ, ಬಿಚ್ಚುತ್ತವೆ, ಮುದುಡುತ್ತವೆ — ಒಳಗೆ ಬೆಂಚಿನ ಮೇಲೆ ಅವಳಿಗಾಗಿ ಕಾದಿರುವ ಪ್ರಶ್ನೆಪತ್ರಿಕೆ, ವ್ಯಕ್ತಿ ಸ್ವಾತಂತ್ರ್ಯ ಎಂದರೇನು, ಐದು ಅಂಕ, ಆ ಪ್ರಶ್ನೆ ಹಾಕಿದವಳು ಇಲ್ಲಿ ಮಂಡಿಯೂರಿದ್ದಾಳೆ, ಐದು ಅಂಕವಂತೆ, ಅವಳು ಎದ್ದು ಮಂಡಿಯ ಧೂಳು ಕೊಡವಿದಳು, ಹಾಜರಿ ಪುಸ್ತಕದ ಕೊನೆಯ ಹಾಳೆ ಪರ್ರನೆ ಹರಿದಳು. ಏನ್ ಬರೀತಿದ್ದೀರಿ ಮೇಡಂ. ಕಾರಣ ಸಾರ್. ಗೋಡೆಗೆ ಒತ್ತಿ ಬರೆದಳು, ಈ ವಿದ್ಯಾರ್ಥಿನಿಯ ಮೇಲೆ ನನಗೆ ಯಾವ ಅನುಮಾನವೂ ಇರಲಿಲ್ಲ, ಆದರೂ ತಡೆದು ನಿಲ್ಲಿಸಿದೆ, ಹೇಳಿದವರು ಮುಖ್ಯೋಪಾಧ್ಯಾಯರು, ಮಾಡಿದವಳು ನಾನು. ತಾರೀಖು, ಗಂಟೆ ಒಂಬತ್ತು ಐವತ್ತಾರು, ಪೂರ್ತಿ ಸಹಿ. ಹೆಡ್‌ಮಾಸ್ಟರು ಕೈ ಚಾಚಿದರು, ಅವಳು ಆ ಕೈ ದಾಟಿಸಿ ಹುಡುಗಿಗೆ ಕೊಟ್ಟಳು. ಹುಡುಗಿ ಎರಡು ಸಲ ಓದಿದಳು, ಮಿಸ್, ಇದರಿಂದ ನಿಮಗೇ ತೊಂದ್ರೆ ಅಲ್ವಾ. ಇದಕ್ಕೆ ಮಾತ್ರ ಯಾಕೆ ಅನ್ನಬೇಡ, ಒಳಗೆ ಹೋಗು.

ಹೋದಳು, ಶೂ ಹಾಕಿಕೊಳ್ಳಲೂ ನಿಲ್ಲದೆ, ಅದನ್ನು ಕೈಯಲ್ಲಿ ಹಿಡಿದೇ, ನಲವತ್ತೊಂದು ತಲೆಗಳು ಎದ್ದವು, ಹೆಡ್‌ಮಾಸ್ಟರು ಏನೋ ಹೇಳುತ್ತಿದ್ದಾರೆ, ಆಫೀಸಿಗೆ ಬನ್ನಿ ಎಂದಿರಬೇಕು, ಕೇಳಿಸುತ್ತಿಲ್ಲ, ಬೆಂಚುಗಳ ಸಾಲಿನಲ್ಲಿ ಒಂದು ಹೆಜ್ಜೆ ಟಕ್, ಒಂದು ಹೆಜ್ಜೆ ಸದ್ದಿಲ್ಲ, ಮತ್ತೆ ಟಕ್ — ಒಂದು ಕಾಲಿಗೆ ಶೂ, ಒಂದು ಕಾಲು ಬರಿದು