ಊಟ ಮುಗಿಯುವ ತನಕ

ದುಲ್ಸೆಲೀನಾಳ ತಾಯಿ ತೀರಿಕೊಂಡ ಸುದ್ದಿ ಅವಳು ಓದುತ್ತಿದ್ದ ಪೋರ್ಚುಗೀಸ್ ಊರು ಕೊಯಿಂಬ್ರಾಕ್ಕೆ ಭಾನುವಾರ ಬೆಳಿಗ್ಗೆ ಬಂತು. ಬಂದದ್ದು ದುಲ್ಸೆಲೀನಾಳಿಗಲ್ಲ, ಅವಳ ಜೊತೆ ಕೋಣೆ ಹಂಚಿಕೊಂಡಿದ್ದ ಇವಾನಿಲ್ದಾಳಿಗೆ. ಅವರ ಊರಾದ ಫೋಗು ದ್ವೀಪದಿಂದ ಫೋನು ಮಾಡಿದವನು ದುಲ್ಸೆಲೀನಾಳ ಅಣ್ಣ ನಿಕೊಲಾವ್.

"ಇವಾ, ಅಮ್ಮ ಹೋಗ್ಬಿಟ್ಳು ಕಣೇ. ಬೆಳಗಿನ ಜಾವ. ದುಲ್ಸೆಗೆ ಹೇಳ್ಬೇಡ."

"ಹೇಳ್ಬೇಡ ಅಂದ್ರೆ ಏನಣ್ಣಾ ಅರ್ಥ?"

"ಪರೀಕ್ಷೆ ಮುಗೀಲಿ. ಈಗ ಹೇಳಿದ್ರೆ ಪುಸ್ತಕ ಮುಚ್ಚಿ ಕೂತ್ಕೋತಾಳೆ. ಮಣ್ಣಿಗಂತೂ ಬರೋಕಾಗಲ್ಲ, ಸಾಯಂಕಾಲವೇ ಎತ್ತುತೀವಿ. ಮಗಳು ವಕೀಲಳಾದ ಮೇಲೆ ಹೇಳಿ ಅಂತ ಅಮ್ಮನೇ ಹೇಳಿ ಹೋಗಿದಾಳೆ. ಅಮ್ಮನ ಮೇಲಾಣೆ, ಇವಾ."

ದೂರದೂರಿನಲ್ಲಿ ಓದುವ ಮಕ್ಕಳಿಗೆ ಮನೆಯವರು ಪ್ರೀತಿಯಿಂದ ಮಾಡುವ ಅನ್ಯಾಯ ಇದು. ಆಸ್ಪತ್ರೆಗೆ ಸೇರಿಸಿದ್ದರೆ ನೆಗಡಿ ಎನ್ನುತ್ತಾರೆ, ಸೂರು ಹಾರಿಹೋಗಿದ್ದರೆ ಸ್ವಲ್ಪ ಸೋರುತ್ತಿದೆ ಎನ್ನುತ್ತಾರೆ. ಫೋಗುವಿನವರಂತೂ ಈ ವಿದ್ಯೆಯಲ್ಲಿ ಪಳಗಿದವರು. ಮನೆಗೊಬ್ಬರು ಕಡಲಾಚೆ ಇರುವಾಗ ಪಳಗದೆ ಇನ್ನೇನು?

ಇವಾನಿಲ್ದಾಳ ಹೆತ್ತ ತಾಯಿ ಹಾಲೆಂಡಿಗೆ ದುಡಿಯಲು ಹೋದವಳು ಹಿಂತಿರುಗಲೇ ಇಲ್ಲ. ಅವಳಿಗೆ ಉಣ್ಣಿಸಿ, ತಲೆ ಹೆಣೆದು, ಬೈದು ಬೆಳೆಸಿದವಳು ಪಕ್ಕದ ಮನೆಯ ಬೆರ್ನಾರ್ದಿನಾ ಅಮ್ಮ, ದುಲ್ಸೆಲೀನಾಳ ತಾಯಿಯೇ. ಇವಾನಿಲ್ದಾ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು, ಟವೆಲನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಹೊರಗೆ ಬಂದಾಗ ದುಲ್ಸೆಲೀನಾ ಕರಿ ಅಂಗಿ, ಕರಿ ಲಂಗ ತೊಟ್ಟು, ಕೆಂಪು ಟೊಪ್ಪಿಗೆಯನ್ನು ಕನ್ನಡಿಯ ಮುಂದೆ ಓರೆಯಾಗಿಟ್ಟು ನೋಡುತ್ತಿದ್ದಳು. ಅಂದು ಕೊನೆಯ ವರ್ಷದವರ ಮೆರವಣಿಗೆ.

"ಏನೇ, ಕಣ್ಣೆಲ್ಲ ಕೆಂಪಾಗಿದೆ? ನಾನು ಮೊದ್ಲು ವಕೀಲಳಾಗ್ತೀನಿ ಅಂತ ಹೊಟ್ಟೆಕಿಚ್ಚಾ?"

"ಸೋಪು ಹೋಯ್ತು."

"ಇಷ್ಟು ವರ್ಷ ಆದ್ರೂ ಮುಖ ತೊಳೆಯೋಕೆ ಬರಲ್ವಲ್ಲೇ ನಿಂಗೆ!"

ಊರಿಗೆ ಊರೇ ಬೀದಿಯಲ್ಲಿತ್ತು. ಕಾಗದದ ಹೂ ಮೆತ್ತಿದ ಲಾರಿಗಳು, ಕರಿ ನಿಲುವಂಗಿಯ ಹುಡುಗರು, ಎಲ್ಲರ ಮೈಮೇಲೂ ಬಿಯರು. ಗೆಳೆಯರು ವಾಡಿಕೆಯಂತೆ ದುಲ್ಸೆಲೀನಾಳ ಟೊಪ್ಪಿಗೆಗೆ ಬೆತ್ತದಿಂದ ಬಡಿದು ಹರಸಿದರು. ಅವಳು ಲಾರಿ ಹತ್ತಿ ಸೊಂಟ ಕುಣಿಸುತ್ತ ಕೂಗಿದಳು: "ವಿಡಿಯೋ ಮಾಡೇ ಇವಾ! ಅಮ್ಮ ನೋಡ್ಲಿ!"

ಫೋಗುವಿನಲ್ಲಿ ಹೆಣ ಎತ್ತುವ ಹೊತ್ತು ಅದು. ಬೇಡವೆನ್ನಲು ಇವಾನಿಲ್ದಾಳಿಗೆ ನೆಪವೊಂದೂ ಹೊಳೆಯಲಿಲ್ಲ. ಫೋನು ಎತ್ತಿ ಹಿಡಿದು ವಿಡಿಯೋ ತೆಗೆದಳು. ದುಲ್ಸೆಲೀನಾ ಕೆಳಗಿಳಿದು ಬಂದವಳೇ ಅದನ್ನು ತಾಯಿಯ ಫೋನಿಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆಲ್ಲ ಎರಡು ಗೆರೆ ನೀಲಿಯಾದವು.

"ನೋಡಿದ್ಲು ಕಣೇ! ಅಮ್ಮ ನೋಡಿದ್ಲು!"

ನೋಡಿದವರು ಯಾರೋ ದೇವರೇ ಬಲ್ಲ.

ಆಮೇಲಿನ ದಿನಗಳನ್ನು ಇವಾನಿಲ್ದಾ ಹೇಗೆ ನೂಕಿದಳೆಂದು ಕೇಳಬಾರದು. ದುಲ್ಸೆಲೀನಾ ಫೋನು ಮಾಡಿದರೆ, ಅಮ್ಮ ಬೆಟ್ಟದ ಮೇಲಿನ ದ್ರಾಕ್ಷಿ ತೋಟದಲ್ಲಿದ್ದಾಳೆ, ಅಲ್ಲಿ ಸಿಗ್ನಲ್ ಇಲ್ಲ ಎಂದ ನಿಕೊಲಾವ್. ಆಮೇಲೆ ಗಂಟಲು ಕಟ್ಟಿದೆ, ಮಾತು ಬರುತ್ತಿಲ್ಲ ಎಂದ. ಏಳನೆಯ ದಿನದ ಪೂಜೆ ಊರಿನ ಚರ್ಚಿನಲ್ಲಿ ಮಗಳಿಲ್ಲದೆ ಮುಗಿಯಿತು. ಆ ಹೊತ್ತಿನಲ್ಲಿ ಮಗಳು ಕೊಯಿಂಬ್ರಾದಲ್ಲಿ ಉತ್ತರಾಧಿಕಾರದ ಕಾನೂನನ್ನು ಗಟ್ಟಿಯಾಗಿ ಉರುಹೊಡೆಯುತ್ತಿದ್ದಳು. ಎರಡು ಸಲ ಕೈಕೊಟ್ಟಿದ್ದ, ಉಳಿದಿದ್ದ ಒಂದೇ ವಿಷಯ ಅದು.

"ಒಬ್ಬ ವ್ಯಕ್ತಿ ಸತ್ತ ಕ್ಷಣದಿಂದ... ಮುಂದೇನೇ? ಪುಸ್ತಕ ನೋಡಿ ಹೇಳು."

ಇವಾನಿಲ್ದಾ ಪುಸ್ತಕ ನೋಡಿ ಹೇಳಿದಳು. ಎಷ್ಟೋ ಸಲ ಬಾಯಿತನಕ ಬಂದದ್ದನ್ನು ನುಂಗಿಕೊಂಡಳು. ಇಂದು ಹೇಳಿದರೆ ಇವಳ ಓದು ಕೆಡುತ್ತದೆ, ಹೇಳದಿದ್ದರೆ ನಾಳೆ ಇವಳೇ ನನ್ನ ಪಾಲಿಗಿರುವುದಿಲ್ಲ ಎಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ಆಣೆಗೆ ಕಟ್ಟುಬಿದ್ದಳು.

ಮುಂದಿನ ಬುಧವಾರದ ಮೌಖಿಕ ಪರೀಕ್ಷೆಯಲ್ಲಿ ದುಲ್ಸೆಲೀನಾ ಪಾಸಾದಳು. ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬಂದು ಬಾಗಿಲು ತೆರೆದರೆ ಕೋಣೆಯ ತುಂಬ ಹೆಂಗಸರು. ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸುವ, ಊರಿನ ಫೋಗು ಮಕ್ಕಳಿಗೆಲ್ಲ ಹಿರಿಯಳಾದ ತಾನ್ಶಾ ಅಕ್ಕ ಕೆಲಸದ ದಿನ ಅಂಗಡಿ ಮುಚ್ಚಿ ಬಂದಿದ್ದಳು. ಮೇಜಿನ ಮೇಲೆ ಜೋಳ, ಅವರೆ, ಮಾಂಸ ಹಾಕಿ ಬೇಯಿಸಿದ ಕಶೂಪ.

"ಪಾಸಾದೆ ಅಕ್ಕಾ!"

"ಒಳ್ಳೇದಾಯ್ತು ಮಗಾ. ಕೂತ್ಕೋ. ಮೊದ್ಲು ಉಣ್ಣು."

ದುಲ್ಸೆಲೀನಾಳ ಮುಖದ ನಗೆ ಅಲ್ಲೇ ನಿಂತಿತು. ಅವರ ಕಡೆ ಹಸಿದ ಹೊಟ್ಟೆಗೆ ಸಾವಿನ ಸುದ್ದಿ ಹೇಳುವುದಿಲ್ಲ. ಹೇಳಿದ ಮೇಲೆ ಮೂರು ದಿನ ಅನ್ನ ಇಳಿಯುವುದಿಲ್ಲವಲ್ಲ, ಅದಕ್ಕೆ ಮೊದಲು ಕೂರಿಸಿ ಉಣ್ಣಿಸುತ್ತಾರೆ. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರೆಂದು ಕೇಳಲಿಲ್ಲ. ಕೂತು, ತಟ್ಟೆ ಎಳೆದುಕೊಂಡು ಉಣ್ಣತೊಡಗಿದಳು. ಒಂದೊಂದೇ ಜೋಳದ ಕಾಳನ್ನು ಅಗಿದಳು. ತಟ್ಟೆ ಖಾಲಿಯಾಗುವುದೇ ಬೇಡ ಎಂಬಂತೆ ಉಣ್ಣುತ್ತಿದ್ದವಳನ್ನು ನೋಡಲಾಗದೆ ಇವಾನಿಲ್ದಾ ಗೋಡೆಗೆ ಮುಖ ತಿರುಗಿಸಿದಳು. ಖಾಲಿಯಾದಾಗ ದುಲ್ಸೆಲೀನಾ ಇನ್ನಷ್ಟು ಬಡಿಸಿಕೊಂಡಳು. ಅದೂ ಮುಗಿಯಿತು.

"ಈಗ ಹೇಳಿ," ಎಂದಳು.

"ನಿಮ್ಮಮ್ಮ, ಮಗಾ."

"ಯಾವಾಗ?"

ತಾನ್ಶಾ ಅಕ್ಕ ಸುಳ್ಳು ಹೇಳಲಿಲ್ಲ. "ಹೋದ ವಾರದ ಮೆರವಣಿಗೆ ದಿನ. ಅವತ್ತು ಸಾಯಂಕಾಲವೇ ಮಣ್ಣು ಮಾಡಿದ್ರು."

ದುಲ್ಸೆಲೀನಾ ಇವಾನಿಲ್ದಾಳ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತು."

"ಆಣೆ ಹಾಕಿಸ್ಕೊಂಡ್ರು ದುಲ್ಸೆ..."

"ಗೊತ್ತಿದ್ದೂ ನನ್ನ ಕುಣಿಸಿದೆ. ವಿಡಿಯೋ ಹಿಡಿದೆ. ಹೆಣ ಎತ್ತೋ ಮನೆಗೆ ನನ್ನ ಕುಣಿತ ಹೋಯ್ತಲ್ಲೇ!"



ದುಲ್ಸೆಲೀನಾ ನೆಲಕ್ಕೆ ಕುಸಿದು, ತಲೆಯ ಮೇಲೆ ಕೈಹೊತ್ತು, ತಾಯಿಯ ಹೆಸರು ಹಿಡಿದು ಕೂಗಿದಳು. ಊರಿನಲ್ಲಿ ಹೆಣದ ಮುಂದೆ ಮಗಳು ಎತ್ತಬೇಕಾದ ಹಾಡುಗೋಳು ಅದು. ಮಗಳು ಎತ್ತಿದರೆ ಅಲ್ಲಿದ್ದ ಹೆಂಗಸರೆಲ್ಲ ದನಿಗೂಡಿಸಬೇಕು. ತಾನ್ಶಾ ಅಕ್ಕ ಕೂಡಿಸಿದಳು, ಉಳಿದವರೂ ಕೂಡಿಸಿದರು. ಇಷ್ಟು ದಿನ ಎದೆಯಲ್ಲಿ ಕಟ್ಟಿಟ್ಟದ್ದೆಲ್ಲ ಬಿಚ್ಚಿ ಇವಾನಿಲ್ದಾಳೂ ಬಾಯಿ ತೆರೆದಳು. ದುಲ್ಸೆಲೀನಾ ಎದ್ದು ಬಂದು ಅಂಗೈಯಿಂದ ಆ ಬಾಯಿಯನ್ನು ಮುಚ್ಚಿದಳು.

"ನೀನು ಬೇಡ. ಇಷ್ಟು ದಿನ ನಮ್ಮಮ್ಮನ ಸಾವನ್ನ ನೀನೊಬ್ಳೇ ಇಟ್ಕೊಂಡಿದ್ದೆ. ಇವತ್ತು ನಂದು. ಹೊರಗೆ ನಡಿ."

ಯಾರೂ ಅಡ್ಡ ಬರಲಿಲ್ಲ. ಇವಾನಿಲ್ದಾ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಬಾಗಿಲ ಹಿಂದಿನಿಂದ ಬೆರ್ನಾರ್ದಿನಾ ಅಮ್ಮನ ಹೆಸರು ಮತ್ತೆ ಮತ್ತೆ ಕೇಳುತ್ತಿತ್ತು. ಕೆಳಗಿನ ಮನೆಯ ಪೋರ್ಚುಗೀಸ್ ಅಜ್ಜಿ ಗದ್ದಲಕ್ಕೆ ಬೈಯಲು ಮೇಲೆ ಬಂದವಳು, ಇವಳ ಮುಖ ಕಂಡು ದನಿ ತಗ್ಗಿಸಿದಳು.

"ಯಾರು ಹೋದ್ರಮ್ಮಾ?"

ಇವಾನಿಲ್ದಾ ಬಾಗಿಲ ಕಡೆ ನೋಡಿದಳು.

"ಅವಳ ಅಮ್ಮ," ಎಂದಳು.